ಮಾಡಿದ ಮೇಲೆ ಕೊಂಡುಕೊಳ್ಳಿ, ಮಾಡುವಾಗ ನಮ್ಮ ಪಾಡಿಗೆ ಬಿಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಸ್ವಂತವಾಗಿ ಕನ್ನಡ ವಿಡಿಯೋ ಮಾಡುವವರ ಬದುಕು ಮತ್ತು ಅವರ ಸ್ವಾತಂತ್ರ್ಯದ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಕೋಲಾರ ಜಿಲ್ಲೆಯವನು. ಒಂಬತ್ತು ವರ್ಷದಿಂದ ಕನ್ನಡದಲ್ಲಿ ವಿಡಿಯೋ ಮಾಡಿ ಇಂಟರ್‌ನೆಟ್‌ನಲ್ಲಿ ಹಾಕುತ್ತಿದ್ದೇನೆ. ಕಂಬಳಿ ನೇಯುವವರು, ತಮಟೆ ಬಿಗಿಯುವವರು, ಗಾಣದವರು, ಬಾವಿ ತೋಡುವವರು, ಹೀಗೆ ಕೈಕೆಲಸ ಬಲ್ಲ ಜನರ ಜೊತೆ ಒಂದಷ್ಟು ದಿನ ಇರುತ್ತೇನೆ. ಅವರ ಕೆಲಸವನ್ನು ಅವರ ಮಾತಿನಲ್ಲೇ ತೋರಿಸುತ್ತೇನೆ. ಇದರಿಂದ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಮದುವೆ ವಿಡಿಯೋ ಮಾಡುತ್ತೇನೆ. ಆಷಾಢ ಬಂದರೆ ಮದುವೆಗಳು ನಿಲ್ಲುತ್ತವೆ. ಆಗ ಕ್ಯಾಮೆರಾ ಎತ್ತಿಕೊಂಡು ನನ್ನ ಕೆಲಸಕ್ಕೆ ಹೊರಡುತ್ತೇನೆ.

ಈ ಪತ್ರವನ್ನು ಲಕೋಟೆಯಲ್ಲಿ ಹಾಕಿ ನಿಮಗಷ್ಟೇ ಕಳಿಸಬಹುದಿತ್ತು. ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಹಾಗೆ ಒಬ್ಬೊಬ್ಬರೇ ಕೂತು ಕನ್ನಡದಲ್ಲಿ ವಿಡಿಯೋ ಮಾಡುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಮ್ಮಲ್ಲಿ ಯಾರಿಗೂ ಸಂಘ ಇಲ್ಲ, ಅಕಾಡೆಮಿ ಇಲ್ಲ. ನಮ್ಮ ಮಾತು ನಿಮ್ಮ ಮೇಜಿನವರೆಗೆ ಬರುವ ದಾರಿ ಇದೊಂದೇ.

ಒಂದು ವಿಡಿಯೋದ ಕತೆ ಹೇಳುತ್ತೇನೆ. ಆಮೇಲೆ ಕೇಳಬೇಕಾದ್ದನ್ನು ಕೇಳುತ್ತೇನೆ.

2021ರ ನವೆಂಬರ್‌ನಲ್ಲಿ ನಮ್ಮ ಕಡೆ ಜೋರು ಮಳೆ ಬಂತು. ಎಷ್ಟೋ ವರ್ಷದಿಂದ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ಕೋಡಿ ಹರಿದವು. ನಮ್ಮೂರಿನಿಂದ ಎಂಟು ಕಿಲೋಮೀಟರ್ ದೂರದ ಒಂದು ಹಳ್ಳಿಯಲ್ಲಿ ಹಳೆಯ ನೀರಗಂಟಿಯೊಬ್ಬರು ಇನ್ನೂ ಇದ್ದಾರೆ ಎಂದು ಗೊತ್ತಾಯಿತು. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವವರೇ ನೀರಗಂಟಿ. ಅವರ ವಯಸ್ಸು ಎಪ್ಪತ್ತು ದಾಟಿತ್ತು. ಕೆರೆ ತುಂಬಿದ್ದೇ ಸಾಕು, ಅವರಿಗೆ ವಯಸ್ಸೇ ಇಳಿದಂತಾಗಿತ್ತು. ಆ ಸಲ ಎರಡು ಮದುವೆ ಬಿಟ್ಟು ಅವರ ಜೊತೆ ಐದು ಸಲ ಹೋಗಿ ಇದ್ದೆ.

ಅವರು ನೀರು ಅಳೆಯುವುದು ಹೇಗೆ ಗೊತ್ತಾ? ಕಾಲುವೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೈ ಇಳಿಬಿಡುತ್ತಾರೆ. ಬೆರಳಿನ ಗೆಣ್ಣು ಮುಳುಗಿದರೆ ಒಂದು ಲೆಕ್ಕ, ಮಣಿಕಟ್ಟು ಮುಳುಗಿದರೆ ಇನ್ನೊಂದು ಲೆಕ್ಕ. ಆಮೇಲೆ ಕೈ ತೆಗೆದು, ಕಣ್ಣು ಮುಚ್ಚಿ, ನೀರಿನ ಸದ್ದು ಕೇಳುತ್ತಾರೆ. ಕೆಳಗಿನ ಗದ್ದೆಯ ಬದು ಒಡೆದಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ ಎನ್ನುತ್ತಾರೆ. ನಾನು ಆ ಕೇಳುವಿಕೆಯನ್ನು ಹಾಗೆಯೇ ಇಟ್ಟೆ. ನಲವತ್ತು ಸೆಕೆಂಡು ಅವರ ಮುಖ, ನೀರಿನ ಸದ್ದು, ಅಷ್ಟೇ. ಸಂಗೀತ ಇಲ್ಲ, ಮಾತಿಲ್ಲ.

ಅವರಿಗೆ ಕೂಲಿ ಯಾರು ಕೊಡುತ್ತಿದ್ದರು ಎಂದು ಕೇಳಿದೆ. ಕೊಯ್ಲಾದ ಮೇಲೆ ಕಣದಲ್ಲಿ ಪ್ರತಿ ಮನೆಯವರೂ ಇಷ್ಟಿಷ್ಟು ಎಂದು ಅಳೆದು ಕೊಡುತ್ತಿದ್ದರಂತೆ. ಜಾಸ್ತಿ ಗದ್ದೆ ಇದ್ದವರು ಜಾಸ್ತಿ, ಕಮ್ಮಿ ಇದ್ದವರು ಕಮ್ಮಿ. ಆಮೇಲೆ ಅವರು ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಎಲ್ರ ಮನೆ ಕಾಳೂ ನಮ್ಮನೇಲಿತ್ತು. ಅದುಕ್ಕೇ ಯಾರ ಮುಲಾಜೂ ಇರ್ಲಿಲ್ಲ. ದೊಡ್ಡೋರು ಬಂದು ರಾತ್ರಿ ನಮ್ಮ ಕಡೆ ತಿರುಗ್ಸು ಅಂದ್ರೂ ತೂಬು ಮುಟ್ತಾ ಇರ್ಲಿಲ್ಲ."

ವಿಡಿಯೋ 22 ನಿಮಿಷದ್ದು. ಓಡಾಟ, ಡ್ರೋನ್ ಬಾಡಿಗೆ, ಜೊತೆಗೆ ಬಂದ ಹುಡುಗನ ಸಂಬಳ ಎಲ್ಲಾ ಸೇರಿ 38,000 ರೂಪಾಯಿ ಖರ್ಚಾಗಿತ್ತು. ಎಡಿಟಿಂಗ್‌ಗೆ ಕೂತ ನನ್ನ ದಿನಗಳನ್ನು ಲೆಕ್ಕ ಹಾಕಿಲ್ಲ.

ಎಡಿಟಿಂಗ್ ಮುಗಿಯುವ ಹೊತ್ತಿಗೆ ಒಂದು ಕಂಪನಿಯಿಂದ ಮೇಲ್ ಬಂತು. ನೀರು ಶುದ್ಧ ಮಾಡುವ ಯಂತ್ರ ಮಾರುವ ಕಂಪನಿ. ಹೆಸರು ಇಲ್ಲಿ ಬೇಡ. ನೀರಿನ ಬಗ್ಗೆ ವಿಡಿಯೋ ಬರುತ್ತಿದೆ ಎಂದು ಯಾರೋ ಅವರಿಗೆ ಹೇಳಿದ್ದರು. 60,000 ರೂಪಾಯಿ ಕೊಡುತ್ತೇವೆ ಎಂದರು. ನನಗೆ ಆ ದುಡ್ಡು ನಿಜವಾಗಲೂ ಬೇಕಿತ್ತು. ಶುರುವಿನಲ್ಲಿ "ಈ ವಿಡಿಯೋಗೆ ಇಂಥವರ ಸಹಾಯ ಇದೆ" ಎಂದು ಹೇಳುತ್ತೇನೆ ಎಂದು ಒಪ್ಪಿದೆ. ಅದರಲ್ಲಿ ತಪ್ಪೇನೂ ಇಲ್ಲ. ದುಡ್ಡು ತೆಗೆದುಕೊಂಡಿದ್ದನ್ನು ನೋಡುವವರಿಗೆ ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ನಿಯಮವೂ ಹೇಳುತ್ತದೆ.

ಆಮೇಲೆ ಒಂದೊಂದೇ ಬಂತು. ಮೊದಲು ಆ ನಲವತ್ತು ಸೆಕೆಂಡು ಕತ್ತರಿಸಿ ಎಂದರು. ಅಲ್ಲಿ ಜನ ಎದ್ದು ಹೋಗುತ್ತಾರಂತೆ. ಎರಡನೆಯದು, ಕೆರೆ ನೀರು ಕುಡಿಯುತ್ತಾ ಬೆಳೆದೆವು ಎಂದು ಅಜ್ಜ ಹೇಳುವ ಮಾತು ತೆಗೆಯಿರಿ. ಮೂರನೆಯದನ್ನು ಫೋನಿನಲ್ಲಿ ಹೇಳಿದರು. ಅಜ್ಜನ ಮನೆ ಗೋಡೆಗೆ ನಮ್ಮ ಯಂತ್ರ ಒಂದು ಹಾಕಿಸುತ್ತೇವೆ, ಅವರಿಗೇ ಉಡುಗೊರೆ ಎಂದುಕೊಳ್ಳಿ, ಅದರಿಂದ ಒಂದು ಲೋಟ ನೀರು ಕುಡಿದು ಅವರು ನಕ್ಕರೆ ಸಾಕು.

ಫೋನ್ ಮಾಡಿದ ಹುಡುಗಿ ಕೆಟ್ಟವಳಲ್ಲ. ಮೃದುವಾಗಿಯೇ ಮಾತಾಡಿದಳು. ಅವಳ ಮೇಲೂ ಯಾರೋ ಇದ್ದಾರೆ. ಆದರೆ ನೀರಿನ ಸದ್ದು ಕೇಳಿ ಬದು ಒಡೆದದ್ದು ಹೇಳುವ ಮನುಷ್ಯನ ಕೈಗೆ ನಾನು ಆ ಲೋಟ ಹೇಗೆ ಕೊಡಲಿ? ಬೇಡ ಎಂದೆ.

ಮದುವೆ ವಿಡಿಯೋದಲ್ಲಿ ನನಗೆ ಈ ಕಷ್ಟ ಇಲ್ಲ. ಹುಡುಗಿಯ ಮಾವ ಬಂದು "ನನ್ನ ಮುಖ ಜಾಸ್ತಿ ಬರಲಿ" ಎಂದರೆ ಜಾಸ್ತಿ ಹಾಕುತ್ತೇನೆ. ಅದು ಅವರ ಮದುವೆ, ಅವರ ಮಾತೇ ನಡೆಯಬೇಕು. ಖುಷಿಯಿಂದಲೇ ಮಾಡುತ್ತೇನೆ. ನೀರಗಂಟಿಯ ಕತೆ ಮಾತ್ರ ನೀರಿನ ಯಂತ್ರದ ಕಂಪನಿಯ ಮದುವೆ ಅಲ್ಲ, ಅಲ್ವಾ?

ವಿಡಿಯೋ ಹಾಕಿದೆ. ಮೊದಲ ವರ್ಷ 1,10,000 ಸಲ ನೋಡಿದರು. ನನ್ನ ಮಟ್ಟಿಗೆ ದೊಡ್ಡ ಸಂಖ್ಯೆ. ಜಾಹೀರಾತಿನಿಂದ ಕೈಗೆ ಬಂದದ್ದು ಸುಮಾರು 6,400 ರೂಪಾಯಿ.

ಇಲ್ಲಿ ಯಾರೋ ನನ್ನ ದುಡ್ಡು ಕದ್ದರು ಎಂದು ಹೇಳುತ್ತಿಲ್ಲ. ಲೆಕ್ಕ ನಡೆಯುವುದೇ ಹೀಗೆ. ಉದಾಹರಣೆಗೆ ಯೂಟ್ಯೂಬ್ ತೆಗೆದುಕೊಳ್ಳಿ, ಅದರ ನಿಯಮ ಬಹಿರಂಗವಾಗಿಯೇ ಇದೆ. ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಉದ್ದ ವಿಡಿಯೋಗಳಲ್ಲಿ 100 ರೂಪಾಯಿ ಜಾಹೀರಾತು ಬಂದರೆ 55 ರೂಪಾಯಿ ಮಾಡಿದವರಿಗೆ. ಶಾರ್ಟ್ಸ್‌ನಲ್ಲಿ 45. ಈ ಪಾಲು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಆ 100 ರೂಪಾಯಿ ಆಗುವುದಕ್ಕೆ ಎಷ್ಟು ಜನ ನೋಡಬೇಕು ಎನ್ನುವುದರಲ್ಲಿ ನಮ್ಮ ಕಷ್ಟ ಇದೆ. ಅಮೆರಿಕದಲ್ಲಿ ಕೂತು ಇಂಗ್ಲಿಷ್ ವಿಡಿಯೋ ನೋಡುವವನ ಮುಂದೆ ಬರುವ ಜಾಹೀರಾತಿಗೆ ಕೊಡುವ ಬೆಲೆಯೇ ಬೇರೆ, ಮುಳಬಾಗಿಲಿನಲ್ಲಿ ಕೂತು ಕನ್ನಡ ನೋಡುವವನ ಮುಂದೆ ಬರುವ ಜಾಹೀರಾತಿನ ಬೆಲೆಯೇ ಬೇರೆ. ನಮ್ಮ ಕೆಲಸಕ್ಕೆ ಆಗುವ ಖರ್ಚು ಮಾತ್ರ ಅಷ್ಟೇ.

ಆಗ ಏನಾಗುತ್ತದೆ? ಬೆಲೆ ಕಮ್ಮಿ ಇದ್ದಾಗ ಸಂಖ್ಯೆ ಜಾಸ್ತಿ ಮಾಡಬೇಕು. ಸಂಖ್ಯೆ ಜಾಸ್ತಿ ಮಾಡಲು ವಾರಕ್ಕೆ ಮೂರು ವಿಡಿಯೋ ಹಾಕಬೇಕು. ವಾರಕ್ಕೆ ಮೂರು ಹಾಕುವವನು ನೀರಗಂಟಿಯ ಜೊತೆ ಐದು ಸಲ ಹೋಗಿ ಇರುವುದು ಸಾಧ್ಯವಿಲ್ಲ. ಮೊದಲ ಮೂವತ್ತು ಸೆಕೆಂಡಿನಲ್ಲಿ ಕಿರುಚಬೇಕು, ಫೋಟೋದಲ್ಲಿ ಬಾಯಿ ತೆರೆದು ಕೈ ತೋರಿಸಬೇಕು, ತಲೆಬರಹದಲ್ಲಿ "ಶಾಕಿಂಗ್" ಇರಬೇಕು. ಹೀಗೆ ಮಾಡುವವರನ್ನು ನಾನು ಕೀಳಾಗಿ ನೋಡುವುದಿಲ್ಲ. ಅವರಲ್ಲಿ ಅನೇಕರು ನನಗಿಂತ ಪ್ರತಿಭೆ ಇರುವವರು. ಮನೆ ಬಾಡಿಗೆ ಕಟ್ಟಬೇಕು, ಅದಕ್ಕೆ ಮಾಡುತ್ತಾರೆ.

ಇನ್ನೊಂದು ಮಾತು. 2017ರಲ್ಲಿ ದ್ವೇಷದ ವಿಡಿಯೋಗಳ ಪಕ್ಕ ತಮ್ಮ ಜಾಹೀರಾತು ಬರುತ್ತಿದೆ ಎಂದು ದೊಡ್ಡ ದೊಡ್ಡ ಕಂಪನಿಗಳು ಯೂಟ್ಯೂಬ್‌ನಿಂದ ಜಾಹೀರಾತು ವಾಪಸ್ ತೆಗೆದುಕೊಂಡವು. ಆಮೇಲೆ ಎಲ್ಲಾ ಕಡೆ ನಿಯಮ ಬಿಗಿಯಾಯಿತು. ಸಾವು, ಆತ್ಮಹತ್ಯೆ, ಗಲಭೆ, ಹೀಗೆ ಜಾಹೀರಾತು ಕೊಡುವವರಿಗೆ ಹಿಡಿಸದ ವಿಷಯ ಬಂದರೆ ಜಾಹೀರಾತು ಕಮ್ಮಿಯಾಗಬಹುದು ಅಥವಾ ನಿಂತೇ ಹೋಗಬಹುದು. ಆ ಹೆದರಿಕೆಯ ಫಲ ನೀವೇ ನೋಡಿರುತ್ತೀರಿ. ರೈತನ ಆತ್ಮಹತ್ಯೆಯ ಬಗ್ಗೆ ಕನ್ನಡದಲ್ಲಿ ಮಾತಾಡುವ ಹುಡುಗ ಆ ಪದ ಬಂದ ಕೂಡಲೇ ಬೀಪ್ ಹಾಕುತ್ತಾನೆ. ಯಾರೂ ಅವನಿಗೆ ಹಾಕು ಎಂದು ಹೇಳಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ ಎಂದು ಅವನಿಗೆ ಗೊತ್ತು, ಅಷ್ಟೇ.

ಹಾಡಿನ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಇದು ನೇರವಾಗಿ ನಿಮ್ಮ ಇಲಾಖೆಗೆ ಸೇರಿದ್ದು. ಕೆರೆ ತುಂಬಿದಾಗ ಆ ಊರಿನವರು ಗಂಗಮ್ಮನ ಪೂಜೆ ಮಾಡಿದರು. ನೀರಗಂಟಿಯ ಅಕ್ಕ ಏರಿಯ ಮೇಲೆ ನಿಂತು ಗಂಗಮ್ಮನ ಪದ ಹಾಡಿದರು. ಅವರ ಅಜ್ಜಿಯಿಂದ ಕಲಿತದ್ದಂತೆ. ವಿಡಿಯೋ ಹಾಕಿ ಮೂರನೇ ದಿನ ಒಂದು ಸಂಗೀತ ಕಂಪನಿ ಆ ಹಾಡು ತನ್ನದು ಎಂದು ಹಕ್ಕು ಹೇಳಿತು. ಅವರು ಯಾವಾಗಲೋ ಅದೇ ಧಾಟಿಯ ಪದವನ್ನು ವಾದ್ಯ ಸೇರಿಸಿ ರೆಕಾರ್ಡ್ ಮಾಡಿ ಮಾರಿದ್ದರು. ವೇದಿಕೆಯ ಕಂಪ್ಯೂಟರ್ ಎರಡನ್ನೂ ಹೋಲಿಸಿ ಒಂದೇ ಎಂದಿತು. ಅವರ ರೆಕಾರ್ಡಿಂಗ್ ಅವರದು, ಒಪ್ಪುತ್ತೇನೆ. ಆದರೆ ಏರಿಯ ಮೇಲೆ ನಿಂತು ಆ ಅಕ್ಕ ಹಾಡಿದ್ದು ಅವರ ಅಜ್ಜಿಯ ಪದ. ಅದು ಯಾವ ಕಂಪನಿಯದೂ ಅಲ್ಲ.

ನಾನು ಆಕ್ಷೇಪ ಹಾಕಿದೆ. ಹಕ್ಕು ಹೇಳಿದವರು ಉತ್ತರ ಕೊಡಲು 30 ದಿನ ಸಮಯ ಇರುತ್ತದೆ. ಅಷ್ಟೂ ದಿನ ಕಾದೆ. ಕೊನೆಗೆ ಅವರು ಕೈಬಿಟ್ಟರು. ಆದರೆ ಆ ತಿಂಗಳಿಡೀ ನನ್ನ ತಲೆಯಲ್ಲಿ ಒಂದೇ ಯೋಚನೆ: ಆ ಪದ ತೆಗೆದು ಸುಮ್ನೆ ಎಲ್ಲಾದರೂ ಸಿಗುವ ಪುಕ್ಕಟೆ ಸಂಗೀತ ಹಾಕಿಬಿಡಲೇ? ಗೆಳೆಯರೊಬ್ಬರು ಹಾಗೇ ಮಾಡುತ್ತಾರೆ. ಅವರ ವಿಡಿಯೋಗಳಲ್ಲಿ ಈಗ ಯಾರೂ ಹಾಡುವುದಿಲ್ಲ. ಹಳ್ಳಿಯ ಹೆಂಗಸರು ನಾಟಿ ಮಾಡುತ್ತಿರುತ್ತಾರೆ, ಬಾಯಿ ಆಡುತ್ತಿರುತ್ತದೆ, ಕೇಳುವುದು ಮಾತ್ರ ಯಾವುದೋ ಪಿಯಾನೋ.

ಈಗ ಸರ್ಕಾರದ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಉತ್ತರ ಪ್ರದೇಶ ಸರ್ಕಾರ 2024ರ ಆಗಸ್ಟ್‌ನಲ್ಲಿ ಒಂದು ಡಿಜಿಟಲ್ ಮಾಧ್ಯಮ ನೀತಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರದ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬ್ ಚಾನೆಲ್‌ಗಳಿಗೆ ತಿಂಗಳಿಗೆ 8 ಲಕ್ಷ ರೂಪಾಯಿವರೆಗೆ ಕೊಡಬಹುದು ಎಂದು ಅದರಲ್ಲಿತ್ತು. ನಮ್ಮ ರಾಜ್ಯವೂ 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದಿದೆ. ಸೋಷಿಯಲ್ ಮೀಡಿಯಾದವರನ್ನು ಫಾಲೋವರ್‌ಗಳ ಲೆಕ್ಕದಲ್ಲಿ ವಿಂಗಡಿಸಿ ಸರ್ಕಾರದ ಜಾಹೀರಾತು ಕೊಡುವ ವ್ಯವಸ್ಥೆ ಅದು. ಅದು ವಾರ್ತಾ ಇಲಾಖೆಯ ಕೆಲಸ, ನಿಮ್ಮದಲ್ಲ ಎಂದು ಗೊತ್ತು. ಸರ್ಕಾರ ತನ್ನ ಯೋಜನೆಯನ್ನು ಜನರಿಗೆ ತಿಳಿಸಲು ಜಾಹೀರಾತು ಕೊಡುವುದು ತಪ್ಪು ಎಂದೂ ನಾನು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ವಿಡಿಯೋ ಮಾಡುವವರಿಗೆ ಸರ್ಕಾರ ಚಾಚುವ ಕೈ ಅದೊಂದೇ ಆದರೆ ಏನಾಗುತ್ತದೆ ಎನ್ನುವುದನ್ನು ನನ್ನ ಅದೇ ವಿಡಿಯೋದಿಂದ ಹೇಳುತ್ತೇನೆ.

ಕೊನೆಯ ಐದು ನಿಮಿಷದಲ್ಲಿ ನೀರಗಂಟಿ ನನ್ನನ್ನು ಪಕ್ಕದೂರಿನ ಕೆರೆಗೆ ಕರೆದುಕೊಂಡು ಹೋಗುತ್ತಾರೆ. ಆ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರುತ್ತದೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅದರಿಂದ ಆದ ಒಳ್ಳೆಯದನ್ನು ಮುಚ್ಚಿಡುವುದಿಲ್ಲ. ಸತ್ತೇ ಹೋಗಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ, ಅದೂ ವಿಡಿಯೋದಲ್ಲಿದೆ. ಆದರೆ ಈ ನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡುತ್ತಾರೆ, ಮೂರನೇ ಹಂತವೂ ಬೇಕು ಎಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಆ ನೀರು ಅಂತರ್ಜಲ ಹೆಚ್ಚಿಸಲು ಮಾತ್ರ, ನೇರವಾಗಿ ಬೇಸಾಯಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎನ್ನುವುದು ಸರ್ಕಾರದ ನಿಲುವು. ನೀರಗಂಟಿ ಆ ಕೆರೆಯ ಏರಿಯ ಮೇಲೆ ನಿಂತು, ತುಂಬಿದ ನೀರನ್ನೂ ಮುಚ್ಚಿದ ತೂಬನ್ನೂ ತುಂಬಾ ಹೊತ್ತು ನೋಡಿದರು. "ಕೆರೆ ತುಂಬೈತೆ. ತೂಬು ಮುಟ್ಟಂಗಿಲ್ಲ. ನನ್ನಂಥೋನು ಇಲ್ಲೇನು ಮಾಡ್ಬೇಕು?" ಎಂದರು.

ನಾನು ಆ ತಿಂಗಳು ಸರ್ಕಾರದ ಜಾಹೀರಾತು ತೆಗೆದುಕೊಂಡಿದ್ದರೆ ಆ ಐದು ನಿಮಿಷ ಇಟ್ಟುಕೊಳ್ಳುತ್ತಿದ್ದೆನೇ? ಎದೆ ಮುಟ್ಟಿಕೊಂಡು ಹೇಳುತ್ತೇನೆ, ನನಗೆ ಗೊತ್ತಿಲ್ಲ. ಯಾರೂ ಫೋನ್ ಮಾಡಿ ತೆಗೆಯಿರಿ ಎನ್ನಬೇಕಾಗಿಯೇ ಇರಲಿಲ್ಲ. ಮುಂದಿನ ತಿಂಗಳ ಬಿಲ್ ನೆನಪಾಗಿ ನಾನೇ ಕತ್ತರಿಸುತ್ತಿದ್ದೆನೋ ಏನೋ.

ಹಾಗಾದರೆ ದುಡ್ಡು ಯಾರಿಂದ ಬರಬೇಕು? ನಮ್ಮ ನಾಡಿನಲ್ಲೇ ಇದಕ್ಕೆ ದಾರಿ ಹುಡುಕಿದವರಿದ್ದಾರೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಓದುಗರಿಂದ ಚಂದಾ ಪಡೆದು ಪುಸ್ತಕ ಮಾಡಿತು. 1980ರಲ್ಲಿ ಬಂದ ಲಂಕೇಶ್ ಪತ್ರಿಕೆ ಜಾಹೀರಾತು ಇಲ್ಲದೆ, ಕೊಂಡು ಓದುವವರ ದುಡ್ಡಿನಲ್ಲೇ ನಡೆಯಿತು. ಪ್ರತಿ ಮನೆಯಿಂದ ಒಂದಷ್ಟು ಕಾಳು. ನೀರಗಂಟಿ ಹೇಳಿದ್ದೂ ಅದನ್ನೇ.

ನಾನೂ ಆ ದಾರಿ ಹಿಡಿದಿದ್ದೇನೆ. ಈಗ 212 ಜನ ನನಗೆ ತಿಂಗಳಿಗೆ 59 ರೂಪಾಯಿ ಕೊಡುತ್ತಾರೆ. ಅದರಲ್ಲಿ ವೇದಿಕೆಯ ಪಾಲು ಹೋಗಿ ನನಗೆ 8,700 ರೂಪಾಯಿ ಸುತ್ತಮುತ್ತ ಉಳಿಯುತ್ತದೆ. ಹೂಸ್ಟನ್‌ನಲ್ಲಿರುವವರು ಇದ್ದಾರೆ, ಶಿಡ್ಲಘಟ್ಟದ ರೇಷ್ಮೆ ಗೂಡಿನ ವ್ಯಾಪಾರಿ ಇದ್ದಾರೆ, ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಇಷ್ಟು ದಿನದಲ್ಲಿ ಇವರಲ್ಲಿ ಒಬ್ಬರೂ ಇದು ತೆಗಿ, ಅದು ಹಾಕು ಎಂದು ಹೇಳಿಲ್ಲ. ಬಿಟ್ಟು ಹೋಗುವವರು ಸುಮ್ಮನೆ ಬಿಟ್ಟು ಹೋಗುತ್ತಾರೆ. ಒಬ್ಬರು ಹೋದರೆ 59 ರೂಪಾಯಿ ಹೋಗುತ್ತದೆ, ನನ್ನ ಕೆಲಸ ಹೋಗುವುದಿಲ್ಲ. ಇದನ್ನು ಓದುತ್ತಿರುವ ಕನ್ನಡಿಗರಲ್ಲೂ ಕೈಮುಗಿದು ಕೇಳುತ್ತೇನೆ. ನನಗೇ ಕೊಡಿ ಎಂದಲ್ಲ. ನೀವು ಇಷ್ಟಪಟ್ಟು ನೋಡುವ ಒಬ್ಬ ಕನ್ನಡ ವಿಡಿಯೋದವರಿಗೆ ತಿಂಗಳಿಗೆ ಒಂದು ಮಸಾಲೆ ದೋಸೆಯ ದುಡ್ಡು ಕೊಡಿ.

ಆದರೆ 212 ಜನರಿಂದ ಒಂದು ಮನೆ ನಡೆಯುವುದಿಲ್ಲ. ಇಲ್ಲಿ ನಿಮ್ಮ ಸಹಾಯ ಬೇಕು, ಮಾನ್ಯರೇ.

ಸರ್ಕಾರ ಪುಸ್ತಕ ಕೊಳ್ಳುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ ಕೆಲವು ನೂರು ಪ್ರತಿ ಕೊಂಡು ಗ್ರಂಥಾಲಯಗಳಿಗೆ ಹಂಚುತ್ತಾರೆ. ದುಡ್ಡು ತಡವಾಗುತ್ತದೆ ಎಂದು ಪ್ರಕಾಶಕರು ದೂರುತ್ತಾರೆ, ಅದು ನಿಜ. ಆದರೂ ಆ ಯೋಜನೆಯ ಒಂದು ಗುಣ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಪುಸ್ತಕ ಬರೆದು, ಅಚ್ಚಾಗಿ, ಹೊರಗೆ ಬಂದ ಮೇಲೆ ಕೊಳ್ಳುತ್ತಾರೆ. ಬರೆಯುವಾಗ ಯಾರೂ ಬಂದು ಪಕ್ಕದಲ್ಲಿ ಕೂರುವುದಿಲ್ಲ. ಸರ್ಕಾರವನ್ನು ಬೈಯುವ ಪುಟಗಳಿರುವ ಪುಸ್ತಕಗಳೂ ಸರ್ಕಾರಿ ಗ್ರಂಥಾಲಯದ ಕಪಾಟಿನಲ್ಲಿವೆ. ನಾನು ಓದಿದ್ದೇ ಅಲ್ಲಿ.

ವಿಡಿಯೋಗೂ ಹಾಗೇ ಮಾಡಿ ಎನ್ನುವುದು ನನ್ನ ಮೊದಲ ಕೋರಿಕೆ. ಆಗಲೇ ಮಾಡಿ ಮುಗಿಸಿ, ಜನ ನೋಡುವಂತೆ ಹಾಕಿರುವ ಕನ್ನಡ ಸಾಕ್ಷ್ಯಚಿತ್ರ, ಕಿರುಚಿತ್ರ, ಪಾಠದ ವಿಡಿಯೋಗಳನ್ನು ವರ್ಷಕ್ಕೆ ಇಷ್ಟು ಎಂದು ಆರಿಸಿ, ಅವುಗಳ ಪ್ರದರ್ಶನದ ಹಕ್ಕು ಕೊಂಡುಕೊಳ್ಳಿ. ಹಕ್ಕು ಪೂರ್ತಿ ಬೇಡ, ಗ್ರಂಥಾಲಯ, ಶಾಲೆ, ಅರಿವು ಕೇಂದ್ರ ಎಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ತೋರಿಸುವ ಹಕ್ಕಷ್ಟೇ ಸಾಕು. ವಿಡಿಯೋ ನಮ್ಮದಾಗಿಯೇ ಉಳಿಯಲಿ. ಅರಿವು ಕೇಂದ್ರಗಳಿಗೆ ಕಂಪ್ಯೂಟರ್, ಟಿವಿ ಬರುತ್ತಿವೆ. ಅದರಲ್ಲಿ ಮಕ್ಕಳಿಗೆ ತೋರಿಸಲು ಕನ್ನಡದಲ್ಲಿ ಏನಿದೆ ಎಂದು ಅಲ್ಲಿಯ ಮೇಲ್ವಿಚಾರಕರನ್ನೇ ಕೇಳಿ ನೋಡಿ.

ಆರಿಸುವಾಗ ಫಾಲೋವರ್ ಎಷ್ಟು ಎಂದು ಕೇಳಬೇಡಿ. 900 ಜನ ನೋಡಿದ ಒಳ್ಳೆಯ ವಿಡಿಯೋಗೂ 9 ಲಕ್ಷ ಜನ ನೋಡಿದ ಒಳ್ಳೆಯ ವಿಡಿಯೋಗೂ ಒಂದೇ ಬೆಲೆ ಇರಲಿ. ಆರಿಸುವ ಸಮಿತಿಯಲ್ಲಿ ವಿಡಿಯೋ ಮಾಡುವವರು, ಮೇಷ್ಟ್ರುಗಳು, ಗ್ರಂಥಪಾಲಕರು ಇರಲಿ. ಯಾವುದನ್ನು ಯಾಕೆ ಆರಿಸಿದರು, ಯಾಕೆ ಬಿಟ್ಟರು ಎಂದು ಎರಡು ಸಾಲು ಬರೆದು ಎಲ್ಲರಿಗೂ ಕಾಣುವಂತೆ ಹಾಕಲಿ. ಆರಿಸಿದ ಮೇಲೆ ಒಂದು ಸೆಕೆಂಡೂ ಕತ್ತರಿಸುವ ಹಾಗಿಲ್ಲ ಎಂದು ನಿಯಮದಲ್ಲೇ ಬರೆಯಿರಿ. ಬೇಡವಾದರೆ ಕೊಳ್ಳಬೇಡಿ, ಬೇಸರವಿಲ್ಲ. ಕೊಂಡರೆ ಇಡಿಯಾಗಿ ಕೊಳ್ಳಿ. ದುಡ್ಡು ಮೂರು ತಿಂಗಳೊಳಗೆ ಬರಲಿ.

ಎರಡನೆಯದು ಹಾಡಿನದು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ರಾಮನಗರದ ಹತ್ತಿರ ಜಾನಪದ ಲೋಕ ಇದೆ. ಜಾನಪದ ಅಕಾಡೆಮಿ ಇದೆ. ವಿದ್ವಾಂಸರು ದಶಕಗಳ ಕಾಲ ಊರೂರು ಸುತ್ತಿ ಪದಗಳನ್ನು ಸಂಗ್ರಹಿಸಿದ್ದಾರೆ. ಅದರಲ್ಲಿ ತೋರಿಸಬಹುದಾದಷ್ಟನ್ನು, ಹಾಡಿದವರು, ಊರು, ವರ್ಷ ಸಮೇತ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುವಂತೆ ಇಡಿ. ಗಂಗಮ್ಮನ ಪದ ತನ್ನದು ಎಂದು ಯಾವುದಾದರೂ ಕಂಪನಿ ಹೇಳಿದಾಗ, ನೋಡಿ, ಇದು ನೀವು ಹುಟ್ಟುವ ಮೊದಲೇ ಜನರ ಬಾಯಲ್ಲಿತ್ತು ಎಂದು ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದ ಬೇಕು. ಈಗ ಅದು ಇಲ್ಲ. ನಿಮ್ಮ ಇಲಾಖೆಯ ಮುದ್ರೆ ಇರುವ ಒಂದು ಪಟ್ಟಿ ಎಷ್ಟು ಜನರ ಬಾಯಿಯ ಹಾಡನ್ನು ಉಳಿಸುತ್ತದೆ ಎಂದು ನೀವು ಊಹಿಸಲಾರಿರಿ. ಹಾಡಿದವರು ಬದುಕಿದ್ದರೆ ಅವರ ಒಪ್ಪಿಗೆ ಕೇಳಿ, ಅವರಿಗೂ ಏನಾದರೂ ಸಿಗುವಂತೆ ಮಾಡಿ.

ಮೂರನೆಯದನ್ನು ನೀವು ಸಂಪುಟದಲ್ಲಿ ಹೇಳಬೇಕು. ಸರ್ಕಾರದ ಜಾಹೀರಾತು ಪಡೆದ ಚಾನೆಲ್‌ಗಳ ಹೆಸರು ಮತ್ತು ಮೊತ್ತ ಬಹಿರಂಗವಾಗಲಿ. ಜಾಹೀರಾತು ಪಡೆದವರು ಸರ್ಕಾರವನ್ನು ಟೀಕಿಸಿದರೆ ಅದೇ ಕಾರಣಕ್ಕೆ ಜಾಹೀರಾತು ನಿಲ್ಲಿಸುವುದಿಲ್ಲ ಎಂದು ಲಿಖಿತವಾಗಿ ಹೇಳಲಿ. ಜೊತೆಗೆ, ಕೇಂದ್ರ ಸರ್ಕಾರದ ಪ್ರಸಾರ ಸೇವೆಗಳ ಮಸೂದೆಯ ಕರಡು 2024ರಲ್ಲಿ ಎಷ್ಟು ಗಾಬರಿ ಹುಟ್ಟಿಸಿತ್ತು ಎಂದು ನಿಮಗೆ ನೆನಪಿರಬಹುದು. ಒಬ್ಬನೇ ಕೂತು ವಿಡಿಯೋ ಮಾಡುವವನನ್ನೂ ಟಿವಿ ಚಾನೆಲ್‌ನಂತೆ ನೋಡುತ್ತಾರೇನೋ ಎಂದು ಹೆದರಿದ್ದೆವು. ಅಂಥದ್ದು ಮತ್ತೆ ಬಂದರೆ ಕರ್ನಾಟಕ ನಮ್ಮ ಪರವಾಗಿ ಮಾತಾಡಬೇಕು.

ಒಂದು ವೇದಿಕೆಯನ್ನೇ ನಂಬಿ ಕೂರುವುದು ಎಷ್ಟು ಅಪಾಯ ಎಂದು 2020ರ ಜೂನ್ 29ರಂದು ನೋಡಿದೆವು. ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳ ನಿಷೇಧದ ಆದೇಶ ಬಂದ ದಿನ ಅದು. ನನ್ನ ಪರಿಚಯದ, ತಮಟೆ ಬಾರಿಸುವ ಹುಡುಗನೊಬ್ಬನಿಗೆ ಅಲ್ಲಿ ದೊಡ್ಡ ಹೆಸರಿತ್ತು. ಅದನ್ನು ನೋಡಿಯೇ ಊರಿನಾಚೆ ಕಾರ್ಯಕ್ರಮಕ್ಕೆ ಕರೆಯುತ್ತಿದ್ದರು. ಒಂದೆರಡು ದಿನದಲ್ಲಿ ಎಲ್ಲಾ ಹೋಯಿತು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅವನ ವಿಡಿಯೋಗಳ ಒಂದು ಪ್ರತಿಯಾದರೂ ನಮ್ಮ ಯಾವುದಾದರೂ ಗ್ರಂಥಾಲಯದಲ್ಲಿ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ನೀವು ಕೊಳ್ಳಲು ಶುರು ಮಾಡಿದರೆ ಅದೂ ಆಗುತ್ತದೆ.

ಇದಕ್ಕೆ ಎಷ್ಟು ಖರ್ಚು ಎಂದು ಕೇಳುತ್ತೀರಿ. ನನ್ನ ವಿಡಿಯೋಗೆ 38,000 ಆಯಿತು ಎಂದು ಮೊದಲೇ ಹೇಳಿದ್ದೇನೆ. ಅಂಥ ನೂರು ವಿಡಿಯೋಗೆ ತಲಾ 40,000 ಕೊಟ್ಟರೂ 40 ಲಕ್ಷ ಆಗುತ್ತದೆ. ವರ್ಷಕ್ಕೆ ನೂರು ಕನ್ನಡ ವಿಡಿಯೋ, ಯಾರ ಲೋಟವನ್ನೂ ಯಾರ ಕೈಗೂ ಕೊಡದೆ ಮಾಡಿದಂಥವು, ಹಳ್ಳಿಹಳ್ಳಿಯ ಅರಿವು ಕೇಂದ್ರದಲ್ಲಿರುತ್ತವೆ.

ಆ ವಿಡಿಯೋದ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಅಜ್ಜ ನೀರಿನ ಸದ್ದು ಕೇಳುವ ನಲವತ್ತು ಸೆಕೆಂಡು 14ನೇ ನಿಮಿಷದಲ್ಲಿದೆ. ಪಕ್ಕದೂರಿನ ಕೆರೆಯ ಮಾತು 17ನೇ ನಿಮಿಷದಲ್ಲಿ ಶುರುವಾಗುತ್ತದೆ. ದಯವಿಟ್ಟು ಎರಡನ್ನೂ ನೋಡಿ.

ಇಂತಿ ನಿಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ವಿಡಿಯೋ ಮಾಡುವವ